ಒಂದನೇ ಪಿಸ್ಟನ್ ತಾತನದು

ಅಪ್ಪನ ಲಾರಿ ತೊಪ್ಪೂರು ಘಾಟಿಯನ್ನು ಎಷ್ಟು ಸಲ ಹತ್ತಿತು ಎಂಬುದರ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. ಸೇಲಂನಲ್ಲಿ ಸಬ್ಬಕ್ಕಿ ಮೂಟೆ ಹೇರಿಕೊಂಡು ಧರ್ಮಪುರಿ ದಾಟಿ ಬೆಂಗಳೂರಿಗೆ ಹೋಗುವಾಗ ಘಾಟಿ ಏರು, ವಾಪಸು ಬರುವಾಗ ಇಳಿಜಾರು. ಏರಿದ ದಿನ ಒಂದು ಗೀಟು. ಐದನೆಯದಕ್ಕೆ ಅಡ್ಡಗೀಟು. ಇಳಿದದ್ದನ್ನು ನಾನು ಬರೆಯುವುದಿಲ್ಲ. ಇಳಿಯುವಾಗ ಇಂಜಿನ್ನಿಗೆ ಕೆಲಸ ಕಡಿಮೆ, ಬ್ರೇಕಿಗೆ ಜಾಸ್ತಿ. ಬ್ರೇಕಿನ ಯೋಚನೆ ಅಪ್ಪನದು.

ನಾನು ಕೆಲಸ ಮಾಡುವುದು ಸೇಲಂನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಅಲ್ಲಿ ಪ್ರತಿ ಟ್ಯೂಬಿನ ಮೇಲೂ ದಿನ, ಗಂಟೆ, ರಕ್ತ ತೆಗೆದವರು ಯಾರು ಎಂದು ಬರೆಯಬೇಕು. ಆ ಚಾಳಿ ಮನೆಗೂ ಬಂತು. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಅಜ್ಜಿ ಕಣ್ಣಿನ ಡ್ರಾಪ್ಸನ್ನು ತಿಂಗಳಿಗೆ ಎಷ್ಟು ಸಲ ತಪ್ಪಿಸಿದಳು, ಎಲ್ಲಕ್ಕೂ ಒಂದೊಂದು ಪುಟ ಇದೆ. ನಾನು ಸ್ಕೂಲಿನಲ್ಲಿ ಓದಿದ್ದು ತಮಿಳು, ಇಂಗ್ಲಿಷ್. ಕನ್ನಡದ ಅಕ್ಷರ ಕಲಿಸಿದ್ದು ತಾತ, ಮಗ್ಗದ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ಇಬ್ಬರಿಗೇ. ನೋಟ್‌ಬುಕ್ಕನ್ನು ನಾನು ಕನ್ನಡದಲ್ಲಿ ಬರೆಯುವುದಕ್ಕೆ ಅದೂ ಒಂದು ಕಾರಣ. ಅಮ್ಮ ಇಣುಕಿದರೂ ಏನೂ ತಿಳಿಯುವುದಿಲ್ಲ.

ಈ ವರ್ಷ ಆ ಲಾರಿ ಶಂಕಗಿರಿಯಲ್ಲಿ ಗುಜರಿಯವರ ಕೈಗೆ ಸಿಕ್ಕಿ ತುಂಡು ತುಂಡಾಗಿ ಒಡೆದು ಹೋಗುವುದರಲ್ಲಿತ್ತು. ಆರು ಸಿಲಿಂಡರಿನ ಹಳೆಯ ಡೀಸೆಲ್ ಲಾರಿ. ಅಪ್ಪ ಎಂಟು ವರ್ಷ ಬೇರೆಯವರ ಲಾರಿಗಳಿಗೆ ಡ್ರೈವರಾಗಿದ್ದು, ಆಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಕ್ಯಾಬಿನ್ನಿನ ಒಳಗೆ, ಎಡಗಡೆಯ ಬಾಗಿಲ ಪಕ್ಕದ ಮರದ ಪಟ್ಟಿಯ ಮೇಲೆ, ನಾನು ಪ್ರತಿ ಪೊಂಗಲ್‌ಗೆ ಎಷ್ಟು ಎತ್ತರ ಇದ್ದೆ ಎಂದು ಅಪ್ಪ ಸ್ಕ್ರೂಡ್ರೈವರಿನಿಂದ ಗೀಚಿದ ಗೆರೆಗಳಿವೆ. ಹನ್ನೊಂದು ಗೆರೆ. ಕೊನೆಯ ಮೂರು ಒಂದರ ಮೇಲೊಂದು ಬಿದ್ದಿವೆ, ಆಮೇಲೆ ನಾನು ಬೆಳೆಯಲಿಲ್ಲ.

ಜನವರಿಯಲ್ಲಿ ಇಂಜಿನ್ ಆಯಿಲ್ ಕುಡಿಯತೊಡಗಿತು, ಹೊಗೆ ನೀಲಿಯಾಯಿತು. ವಯಸ್ಸಾದ ಇಂಜಿನ್ನಿಗೆ ಅದು ಸಹಜ. ಶಂಕಗಿರಿಯ ಮೇಸ್ತ್ರಿಯ ಶೆಡ್ಡಿನಲ್ಲಿ ಬಿಟ್ಟು ಆರೂ ಪಿಸ್ಟನ್, ಅವು ಓಡಾಡುವ ಕೊಳವೆಗಳಾದ ಆರೂ ಲೈನರ್ ಹೊಸದು ಹಾಕಿಸುವುದೆಂದಾಯಿತು. ಮೇಸ್ತ್ರಿ ತಮಿಳಿನವರು, ಅಪ್ಪನ ಮೂವತ್ತು ವರ್ಷದ ಸ್ನೇಹಿತರು. ಕೈಯಲ್ಲಿ ಯಾವಾಗಲೂ ಒಂದು ಕೆಂಪು ಬನಿಯನ್ ಬಟ್ಟೆ. ಇಂಜಿನ್ನಿಗೆ ಕಿವಿ ಕೊಟ್ಟಾಗ ಕಣ್ಣು ಮುಚ್ಚುತ್ತಾರೆ.

ಇಲ್ಲಿ ತಾತನ ಕೈಯ ವಿಷಯ ಹೇಳಬೇಕು. ಕನ್ನಡದಲ್ಲಿ ಕೈಗುಣ ಅನ್ನುವುದನ್ನೇ ನಮ್ಮ ಬೀದಿಯಲ್ಲಿ ಕೈರಾಸಿ ಅನ್ನುತ್ತಾರೆ. ತಾತನ ಕೈ ಮುಟ್ಟಿ ಶುರುವಾದ ಕೆಲಸ ನಡುವೆ ನಿಲ್ಲುವುದಿಲ್ಲ ಎಂದು ನೇಕಾರರ ಆ ಇಡೀ ಬೀದಿಯ ನಂಬಿಕೆ. ಯಾರ ಮನೆಯಲ್ಲಿ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸಿದರೂ ಮೊದಲ ಎಳೆಯ ಗಂಟು ಹಾಕಲು ತಾತನನ್ನು ಕರೆಯುತ್ತಾರೆ. ಮೂಲೆಯ ದಿನಸಿ ಅಂಗಡಿಯ ಹೊಸ ತಕ್ಕಡಿಯಲ್ಲಿ ಮೊದಲು ಅಕ್ಕಿ ತೂಗಿದ್ದು ತಾತ. ಮೇಸ್ತ್ರಿಯ ಶೆಡ್ಡಿನಲ್ಲಿ ಮೊದಲ ಬೋಲ್ಟ್ ಬಿಗಿದದ್ದೂ ತಾತನೇ. ವರ್ಷಕ್ಕೆ ಎಷ್ಟು ಕರೆ ಬರುತ್ತದೆ ಎಂದು ಹೋದ ವರ್ಷ ಎಣಿಸಿದ್ದೆ: ನಲವತ್ತಾರು. ಅದರಲ್ಲಿ ಎರಡಕ್ಕೆ ಜ್ವರ ಬಂದು ಹೋಗಲಿಲ್ಲ. ಆ ಎರಡು ಮನೆಯವರೂ ಹಾಸನ್ನು ಹಾಗೇ ಬಿಟ್ಟು ಕಾದರು.

ಹಾಗಾಗಿ ಇಂಜಿನ್ ಕಟ್ಟುವ ದಿನ ತಾತ ಬರಲೇಬೇಕು ಎಂದು ಮೇಸ್ತ್ರಿ ಫೋನ್ ಮಾಡಿದರು. ಒಂದನೇ ಪಿಸ್ಟನ್ ತಾತನದು ಎಂದು ತೀರ್ಮಾನವಾಯಿತು.

ಪಿಸ್ಟನ್ ಇಳಿಸುವುದು ಇಬ್ಬರ ಕೆಲಸ. ಅದರ ಕೆಳಗೆ ಮೊಣಕೈಯಷ್ಟು ಉದ್ದದ ಕನೆಕ್ಟಿಂಗ್ ರಾಡ್ ಜೋಡಿಸಿರುತ್ತದೆ. ಮೇಲೆ ನಿಂತವನು ರಿಂಗುಗಳನ್ನು ತಗಡಿನ ಪಟ್ಟಿಯಿಂದ ಬಿಗಿದು, ಸುತ್ತಿಗೆಯನ್ನು ತಿರುವಿ ಹಿಡಿದು ಅದರ ಮರದ ಹಿಡಿಯಿಂದ ಪಿಸ್ಟನ್ನನ್ನು ಸಿಲಿಂಡರಿನೊಳಗೆ ತಳ್ಳುತ್ತಾನೆ. ಇನ್ನೊಬ್ಬ ಲಾರಿಯ ಅಡಿಯ ಗುಂಡಿಯಲ್ಲಿ ನಿಂತು, ಇಂಜಿನ್ನಿನ ತಳದಿಂದ ಕೈ ತೂರಿಸಿ, ಇಳಿದು ಬರುವ ರಾಡನ್ನು ಹಿಡಿದು ಕ್ರ್ಯಾಂಕ್ ಎಂಬ ತಿರುಗುವ ದಂಡದ ಮೇಲೆ ಕೂರಿಸುತ್ತಾನೆ. ಗುಂಡಿಯಲ್ಲಿ ಇರುತ್ತಿದ್ದದ್ದು ಮೇಸ್ತ್ರಿ. ಮೇಲಿನ ಕೆಲಸ ಅವರ ಭಾಮೈದನದು.

ಫೆಬ್ರವರಿ ಒಂಬತ್ತು, ಬೆಳಿಗ್ಗೆ ಹತ್ತು ಇಪ್ಪತ್ತು. ತಾತ ಇಸ್ತ್ರಿ ಮಾಡಿದ ಪಂಚೆ ಉಟ್ಟು, ವಿಭೂತಿ ಹಚ್ಚಿ ಇಂಜಿನ್ನಿನ ಮುಂದೆ ನಿಂತ. ಮೇಸ್ತ್ರಿ ಗುಂಡಿಯಿಂದ ಮೇಲೆ ಬಂದು ಕೈ ತೊಳೆದು ಕರ್ಪೂರ ಹಚ್ಚಿದರು. ಅಪ್ಪ, ಭಾಮೈದ, ನಾನು ಸುತ್ತ ನಿಂತೆವು. ತಾತ ಎರಡೂ ಹೆಬ್ಬೆರಳನ್ನು ಸುತ್ತಿಗೆಯ ಹಿಡಿಯ ಮೇಲಿಟ್ಟು ಮೆಲ್ಲಗೆ ತಳ್ಳಿದ. ಪಿಸ್ಟನ್ ಇಳಿಯಿತು. ಕೊನೆಯಲ್ಲಿ ಒಳಗಿನಿಂದ ಒಂದು ಸಣ್ಣ ಸದ್ದು ಬಂತು, ಟಿಕ್ ಎಂದು, ಕೀಲಿ ತಿರುಗಿದ ಹಾಗೆ. ತಾತನ ಮುಖ ಅರಳಿತು.

"ಕೂತ್ಕಂತು," ಅಂದ.

ಎಲ್ಲರೂ ಕೈ ಮುಗಿದೆವು. ನಾನು ಬರೆದುಕೊಂಡೆ: ಒಂದನೇ ಪಿಸ್ಟನ್, ತಾತ, 10.20, ಟಿಕ್. ಆಮೇಲೆ ಮೇಸ್ತ್ರಿ ಗುಂಡಿಗೆ ಇಳಿದು ಅದರ ರಾಡನ್ನು ಬಿಗಿದರು, ಉಳಿದ ಐದು ಪಿಸ್ಟನ್ ಒಂದರ ಹಿಂದೊಂದು ಹೋದವು. ಅವುಗಳಿಗೆ ಕರ್ಪೂರವೂ ಇಲ್ಲ, ಸದ್ದೂ ಇಲ್ಲ.

ಹದಿನಾಲ್ಕು ಗೀಟು ಬಿತ್ತು. ಏಪ್ರಿಲ್ ಮೂರರಂದು, ಹದಿನಾಲ್ಕನೇ ಏರಿನ ಎರಡನೇ ತಿರುವಿನಲ್ಲಿ ಲಾರಿಯ ಎಳೆತ ಬಿದ್ದುಹೋಗಿ, ಇಂಜಿನ್ನಿನಲ್ಲಿ ಬಡಿತ ಶುರುವಾಯಿತು. ಬಿಚ್ಚಿ ನೋಡಿದರೆ ಒಂದನೇ ಪಿಸ್ಟನ್ನಿನ ತಲೆಯ ಅಂಚು ಕರಗಿತ್ತು, ಮೈ ಉದ್ದಕ್ಕೂ ಉಜ್ಜಿ ಗೀರು ಬಿದ್ದಿತ್ತು. ಬೇರೆ ಐದೂ ಕನ್ನಡಿಯ ಹಾಗಿದ್ದವು. ಕಾವು ಜಾಸ್ತಿಯಾಗಿದೆ ಎಂದರು ಮೇಸ್ತ್ರಿ. ರೇಡಿಯೇಟರ್ ತೊಳೆಸಿದರು, ಒಂದನೇ ಸಿಲಿಂಡರಿಗೆ ಡೀಸೆಲ್ ಚಿಮ್ಮುವ ನಾಸಿಲ್ ಬದಲಿಸಿದರು. ಪಿಸ್ಟನ್ನಿನ ಅಡಿಗೆ ಆಯಿಲ್ ಎರಚಿ ಅದನ್ನು ತಣ್ಣಗಿಡುವ ಒಂದು ಚಿಕ್ಕ ನಳಿಕೆ ಇದೆ, ಬೆರಳಷ್ಟು ಉದ್ದ, ತುದಿ ಬಾಗಿದ್ದು. ಅದಕ್ಕೆ ಜೆಟ್ ಅನ್ನುತ್ತಾರೆ. ಒಂದನೇ ಸಿಲಿಂಡರಿನ ಜೆಟ್ ಸ್ವಲ್ಪ ಓರೆಯಾಗಿತ್ತು. ಪಿಸ್ಟನ್ ಕರಗಿದಾಗ ಚೂರು ಬಿದ್ದು ಬಗ್ಗಿದೆ ಎಂದು ಮೇಸ್ತ್ರಿ ಅದನ್ನು ಬುಟ್ಟಿಗೆ ಎಸೆದು ಹೊಸದು ಹಾಕಿದರು. ಅದು ಸರಿಯಾದ ಮಾತೇ ಎಂದು ನನಗೂ ಅನ್ನಿಸಿತು. ಬರೆದುಕೊಂಡೆ.

ಏಪ್ರಿಲ್ ಹದಿನಾರರಂದು ತಾತನಿಗೆ ಮತ್ತೆ ಕರೆ. ಮತ್ತೆ ಕರ್ಪೂರ, ಮತ್ತೆ ಒಂದನೇ ಪಿಸ್ಟನ್, ಮತ್ತೆ ಟಿಕ್. ಈ ಸಲ ನಮಗೆಲ್ಲ ಆ ಸದ್ದು ಕೇಳಿ ಎದೆ ಹಗುರಾಯಿತು. ಹನ್ನೊಂದು ಗೀಟು ಬಿತ್ತು. ಮೇ ಇಪ್ಪತ್ತೇಳರಂದು ಅದೇ ಒಂದನೇ ಪಿಸ್ಟನ್, ಅದೇ ಕರಗಿದ ಅಂಚು, ಅದೇ ಓರೆಯಾದ ಜೆಟ್.

ಒಂದನೇ ಸಿಲಿಂಡರಿನಲ್ಲೇ ಏನೋ ದೋಷ ಇದೆ ಎಂದು ಈಗ ಎಲ್ಲರೂ ಒಪ್ಪಿದರು. ಮೇಸ್ತ್ರಿ ಮೂರು ದಿನ ಆ ಒಂದು ತೂತಿನೊಳಗೆ ಟಾರ್ಚ್ ಹಾಕಿಕೊಂಡು ಕೂತರು. ಬಿರುಕು ಇದೆಯೇ ಎಂದು ಬಣ್ಣದ ನೀರು ಬಿಟ್ಟು ನೋಡಿದರು. ಆರೂ ಪಿಸ್ಟನ್ ಹೊರಗೆ ತೆಗೆದು, ಲೈನರುಗಳ ಎತ್ತರ ಅಳೆದರು. ಡೀಸೆಲ್ ಪಂಪನ್ನು ಸೇಲಂಗೆ ತಂದು ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಅಪ್ಪ ಆರಕ್ಕೂ ಬೇರೆ ಕಂಪನಿಯ ಪಿಸ್ಟನ್ ತರಿಸಿದ. ಸಾಲದ್ದಕ್ಕೆ, ಈ ಸಲ ಒಂದರಿಂದ ಶುರು ಮಾಡುವುದೇ ಬೇಡ, ಹಿಂದಿನಿಂದ ಬರೋಣ ಎಂದ. ಜೂನ್ ಹದಿನೈದರಂದು ತಾತ ಆರನೆಯದನ್ನು ತಳ್ಳಿದ. ಟಿಕ್. ಒಂದನೆಯದು ಎಲ್ಲಕ್ಕಿಂತ ಕೊನೆಗೆ, ಭಾಮೈದನ ಕೈಯಿಂದ, ಸದ್ದಿಲ್ಲದೆ ಹೋಯಿತು.

ಹನ್ನೆರಡು ಗೀಟು. ಜುಲೈ ಇಪ್ಪತ್ತೊಂಬತ್ತರಂದು ಬೆಂಗಳೂರಿಗೆ ಹೋಗಬೇಕಿದ್ದ ಮೂಟೆಗಳನ್ನು ಘಾಟಿಯ ಮೇಲೆ ಬೇರೆ ಲಾರಿಗೆ ಹೇರಿ, ಅಪ್ಪ ತನ್ನ ಲಾರಿಯನ್ನು ಸರಪಳಿ ಕಟ್ಟಿಸಿ ಶಂಕಗಿರಿಗೆ ಎಳೆಸಿದ. ಒಂದನೇ ಪಿಸ್ಟನ್ ಚೆನ್ನಾಗಿತ್ತು. ಕರಗಿದ್ದು ಆರನೆಯದು.

ಮನೆಗೆ ಬಂದ ಅಪ್ಪ ಸ್ನಾನ ಮಾಡಿ, ಊಟಕ್ಕೆ ಕೂತು, ಅನ್ನ ಕಲಸುತ್ತಾ ಹೇಳಿದ: "ಮೂರು ಸಲ ಆತು. ಇನ್ ಸಾಕು. ಶುಕ್ರವಾರ ಗುಜರಿಗೆ ಒಡೆಯೋರು ಬಂದು ನೋಡ್ತಾರೆ. ಕೊಟ್ಬಿಡ್ತೀನಿ."

ಅಮ್ಮ ಏನಾದರೂ ಅನ್ನಬಹುದೆಂದು ಕಾದೆ. ಅವಳು ಸಾರು ಬಡಿಸಿದಳು. ಮುಂದೇನು ಮಾಡ್ತೀಯ ಎಂದು ಕೇಳಿದ್ದು ಅಜ್ಜಿ. ಮೊದಲು ಮಾಡ್ತಿದ್ದದ್ದೇ, ಬೇರೆಯವರ ಲಾರಿ ಓಡಿಸ್ತೀನಿ ಎಂದ ಅಪ್ಪ. ಅವನಿಗೆ ಐವತ್ತಾರು. ತಾತ ಅರ್ಧ ಊಟದಲ್ಲಿ ಎದ್ದು ಕೈ ತೊಳೆದ. ಅಂದು ಮಂಗಳವಾರ. ಶುಕ್ರವಾರಕ್ಕೆ ಮೂರು ದಿನ.

ಲ್ಯಾಬಿನಲ್ಲಿ ಒಬ್ಬರ ರಿಸಲ್ಟ್ ಪದೇಪದೇ ವಿಚಿತ್ರವಾಗಿ ಬಂದರೆ ನಾವು ಮೊದಲು ಮೆಷಿನ್ನನ್ನು ಬೈಯುವುದಿಲ್ಲ. ಮೂರೂ ಸಲ ಏನೇನು ಒಂದೇ ಥರ ಇತ್ತು, ಏನೇನು ಬೇರೆ ಇತ್ತು ಎಂದು ಪಟ್ಟಿ ಮಾಡುತ್ತೇವೆ. ಬುಧವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನೋಟ್‌ಬುಕ್ಕಿನಲ್ಲಿ ಮೂರು ಅಡ್ಡ ಸಾಲು ಎಳೆದೆ, ಒಂಬತ್ತು ಉದ್ದ ಸಾಲು. ಹೊರೆ ಎಷ್ಟು: ಬೇರೆ ಬೇರೆ. ಡೀಸೆಲ್ ಹಾಕಿಸಿದ್ದು ಎಲ್ಲಿ: ಬೇರೆ ಬೇರೆ. ಬಿಸಿಲೋ ಮಳೆಯೋ: ಬೇರೆ. ಪಿಸ್ಟನ್ ಯಾವ ಕಂಪನಿ: ಎರಡು ಸಲ ಒಂದು, ಮೂರನೆಯ ಸಲ ಇನ್ನೊಂದು. ಯಾವ ಸಿಲಿಂಡರ್: ಒಂದು, ಒಂದು, ಆರು. ಅದನ್ನು ಇಳಿಸಿದ್ದು ಯಾರು ಎಂಬ ಸಾಲನ್ನು ಪಟ್ಟಿ ತುಂಬಲಿ ಎಂದಷ್ಟೇ ಹಾಕಿದ್ದೆ. ತಾತ, ತಾತ, ತಾತ. ಅದರ ಪಕ್ಕ, ಸದ್ದು: ಟಿಕ್, ಟಿಕ್, ಟಿಕ್.

ಪುಸ್ತಕ ಮುಚ್ಚಿದೆ. ಡಬ್ಬಿಯಲ್ಲಿದ್ದ ಮೊಸರನ್ನ ಹಾಗೇ ವಾಪಸು ತಂದೆ. ಅದನ್ನೂ ಬರೆದಿದ್ದೇನೆ.

ಗುರುವಾರ ರಜೆ ಹಾಕಿ ಬೆಳಿಗ್ಗೆಯ ಬಸ್ಸಿಗೆ ಶಂಕಗಿರಿಗೆ ಹೋದೆ. ಮೇಸ್ತ್ರಿ ಇಂಜಿನ್ ಮುಚ್ಚುವ ಮನಸ್ಸಿಲ್ಲದೆ ಅದರ ಪಕ್ಕದಲ್ಲೇ ಟೀ ಕುಡಿಯುತ್ತಾ ಕೂತಿದ್ದರು. ಪಟ್ಟಿಯನ್ನು ತಮಿಳಿನಲ್ಲಿ ಓದಿ ಹೇಳಿದೆ. ಅವರಿಗೆ ಕೋಪ ಬಂತು. ಹಿರಿಯರ ಕೈ ಮೇಲೆ ಅಪವಾದ ಹೊರಿಸಲು ನಿನ್ನನ್ನು ಓದಿಸಿದರೇ ಎಂದರು. ನಾನು ಕೈಯ ಮಾತು ಬಿಟ್ಟು ಸದ್ದಿನ ಮಾತು ಕೇಳಿದೆ: ನೀವು ಇಷ್ಟು ವರ್ಷ ಇಷ್ಟು ಪಿಸ್ಟನ್ ಇಳಿಸಿದ್ದೀರಲ್ಲ, ನಿಮಗೆ ಎಂದಾದರೂ ಟಿಕ್ ಎಂದಿದೆಯೇ?

ಅವರು ಲೋಟ ಕೆಳಗಿಟ್ಟರು. ಆಮೇಲೆ ಎದ್ದು ಒಂದು ಹಳೆಯ ಪಿಸ್ಟನ್ನಿಗೆ ರಾಡ್ ಜೋಡಿಸಿ ತಂದು, ಆರನೇ ಸಿಲಿಂಡರಿನಲ್ಲಿ ಹೊಸ ಜೆಟ್ ಕೂರಿಸಿ, ಮೇಲಿನಿಂದ ತಾವೇ ಮೆಲ್ಲಗೆ ತಳ್ಳಿದರು. ಕೆಳಗೆ ಯಾರೂ ಇರಲಿಲ್ಲ.

ಟಿಕ್.

ಗುಂಡಿಗೆ ಇಳಿದು ಟಾರ್ಚ್ ಹಾಕಿದರು. ನಾನೂ ಇಳಿದು ಪಕ್ಕದಲ್ಲಿ ನಿಂತೆ. ರಾಡಿನ ಅಗಲವಾದ ತುದಿ ಕೆಳಗೆ ಬರುವಾಗ ಜೆಟ್ಟಿನ ಮೂತಿಗೆ ತಾಗಿ, ಅದನ್ನು ಉಗುರಿನಷ್ಟು ಪಕ್ಕಕ್ಕೆ ತಿರುಗಿಸಿತ್ತು. ಅದರಿಂದ ಬರುವ ಆಯಿಲ್ ಇನ್ನು ಪಿಸ್ಟನ್ನಿನ ಅಡಿಗೆ ಬೀಳುವುದಿಲ್ಲ, ಗೋಡೆಗೆ ಬೀಳುತ್ತದೆ. ಸಮತಟ್ಟು ರಸ್ತೆಯಲ್ಲಿ ನಡೆದುಹೋಗುತ್ತದೆ. ಘಾಟಿಯಲ್ಲಿ ಹೊರೆ ಎಳೆಯುವಾಗ ಆ ಒಂದು ಪಿಸ್ಟನ್ ಮಾತ್ರ ಕಾಯುತ್ತಾ ಕಾಯುತ್ತಾ ಹೋಗಿ ಕೊನೆಗೆ ಕರಗುತ್ತದೆ. ರಾಡ್ ಜಾಗದಲ್ಲಿ ಕೂತ ಮೇಲೆ ಗುಂಡಿಯಿಂದ ಆ ಮೂತಿ ಕಾಣುವುದಿಲ್ಲ. ಮತ್ತೆ ಕಾಣುವುದು ಪಿಸ್ಟನ್ ಸತ್ತು ಎಲ್ಲ ಬಿಚ್ಚಿದಾಗಲೇ. ಪಿಸ್ಟನ್ ಸತ್ತದ್ದರಿಂದ ಬಗ್ಗಿದೆ ಎಂದು ನಾವು ನಂಬಿದ್ದು ಹಾಗೆ.

ಇನ್ನೊಂದು ಜೆಟ್ ಹಾಕಿ ಮೇಸ್ತ್ರಿ ಗುಂಡಿಯಲ್ಲೇ ನಿಂತು, ಮೇಲಿನಿಂದ ನನ್ನನ್ನು ತಳ್ಳಲು ಹೇಳಿದರು. ಕೆಳಗಿನಿಂದ ಅವರ ಕೈ ರಾಡನ್ನು ಎರಡು ಬೆರಳಿನಷ್ಟು ಪಕ್ಕಕ್ಕೆ ಹಿಡಿಯಿತು. ಸದ್ದಿಲ್ಲ. ಜೆಟ್ ನೆಟ್ಟಗಿತ್ತು.

ಅವರು ಬಹಳ ಹೊತ್ತು ಮೇಲೆ ಬರಲಿಲ್ಲ. ಕೊನೆಗೆ ಕೆಂಪು ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಎಲ್ಲಾ ಪಿಸ್ಟನ್ನಿಗೂ ತಾನು ಕೆಳಗಿರುತ್ತಿದ್ದೆ, ದೊಡ್ಡವರು ಕೈ ಇಟ್ಟ ಒಂದಕ್ಕೆ ಮಾತ್ರ ಮೇಲೆ ಬಂದು ಕೈ ಮುಗಿದು ನಿಂತೆ ಎಂದರು. ಅವರು ಕರ್ಪೂರ ಹಚ್ಚುವಾಗ ಗುಂಡಿ ಮೂರು ಸಲವೂ ಖಾಲಿ ಇತ್ತು. ಹಿರಿಯರು ಮೇಲೆ ನಿಂತಿರುವಾಗ ಅವರ ಕಾಲಿನ ಕೆಳಗಿನ ಗುಂಡಿಯಲ್ಲಿ ಇರುವುದು ಮರ್ಯಾದೆಯಲ್ಲ ಎಂದು ಅವರಿಗೆ ತೋರಿತ್ತು. ಅವರೊಬ್ಬರಿಗೇ ಅಲ್ಲ, ನಮ್ಮಲ್ಲಿ ಯಾರಿಗಾದರೂ ಹಾಗೇ ತೋರುತ್ತಿತ್ತು.

ಬಸ್ಸು ಹತ್ತಿಸುವಾಗ ಅವರು ಒಂದೇ ಮಾತು ಹೇಳಿದರು: "ಪೆರಿಯವರ್‌ಕ್ಕು ಸೊಲ್ಲ ವೇಂಡಾಂ, ಪಾಪ್ಪಾ." ಹಿರಿಯರಿಗೆ ಹೇಳುವುದು ಬೇಡ, ಮಗು. ಜೆಟ್ಟೇ ಕೆಟ್ಟ ಮಾಲು ಎಂದು ತಾನು ಹೇಳುತ್ತೇನೆ ಎಂದರು.

ಶಂಕಗಿರಿಯಿಂದ ಸೇಲಂವರೆಗೆ ಅದನ್ನೇ ಯೋಚಿಸಿದೆ. ಜೆಟ್ ಕೆಟ್ಟದ್ದು ಎಂದರೆ ಅಪ್ಪ ನಂಬುವುದಿಲ್ಲ. ಮೂರು ಸಲ ಮೂರು ಕಾರಣ ಕೇಳಿದ್ದಾನೆ, ನಾಲ್ಕನೆಯದು ಬೇಕಿಲ್ಲ. ನಂಬಿದರೂ ಮುಂದಿನ ಸಲ ಇಂಜಿನ್ ಕಟ್ಟುವಾಗ ತಾತನನ್ನು ಕರೆಯದೆ ಇರುವುದು ಹೇಗೆ? ಕರೆಯದಿದ್ದರೆ ತಾತನಿಗೆ ತಾನಾಗೇ ತಿಳಿಯುತ್ತದೆ, ಅದೂ ಯಾರೂ ಮಾತಾಡದೆ. ಅದಕ್ಕಿಂತ ಹೇಳುವುದು ವಾಸಿ ಎಂದು ಮನೆ ತಲುಪುವ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಬಾಗಿಲಿಗೆ ಬಂದಾಗ ಧೈರ್ಯ ಹೋಯಿತು.

ತಾತ ಜಗುಲಿಯಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದ. ಈಗ ನೇಯುವುದಿಲ್ಲ, ಪಕ್ಕದ ಮನೆಯವರಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಾನೆ. ನನ್ನ ಮುಖ ನೋಡಿ ರಾಟೆ ನಿಲ್ಲಿಸಿದ.

"ಬುಕ್ಕು ಕೊಡು ಇಲ್ಲಿ," ಅಂದ.

ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ತಾನೇ ನನಗೆ ಕಲಿಸಿದ ಅಕ್ಷರಗಳನ್ನು ಒಂದೊಂದಾಗಿ ಓದಿದ. ಕೊನೆಯ ಎರಡು ಸಾಲಿನ ಮೇಲೆ ಬೆರಳು ನಿಂತಿತು. ಶೆಡ್ಡಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಮೇಸ್ತ್ರಿ ಕೆಳಗೆ ಇರಬೇಕಿತ್ತು, ನಿನ್ನದಲ್ಲ ತಪ್ಪು ಎಂದು ಎರಡು ಸಲ ಹೇಳಿದೆ.

"ಎಷ್ಟು ಬಗ್ಗಿತ್ತು?"

ಉಗುರು ತೋರಿಸಿದೆ.

"ಅಣಿಗೇಲಿ ಒಂದ್ ಅಲ್ಲು ಅಷ್ಟು ಬಗ್ಗಿದ್ರೆ ಸಾಕು, ಸೀರೆ ಉದ್ದಕ್ಕೂ ಗೀರು," ಅಂದ. ಮಗ್ಗದ ಹಣಿಗೆಯ ಹಲ್ಲಿನ ಮಾತು. ಅವನಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿರಲಿಲ್ಲ. ಆಮೇಲೆ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡ. "ಮೂರ್ ಸಲಾನೂ ಕೈಗೆ ಗೊತ್ತಾತು ಕಣವ್ವ. ಒಳ್ಳೇದು ಅಂದ್ಕಂಡೆ."

ಅಂದು ಸಂಜೆ ಎದುರು ಮನೆಯಲ್ಲಿ ಹೊಸ ಹಾಸು ಏರಿಸುವುದಿತ್ತು. ಕರೆಯಲು ಬಂದವರಿಗೆ ಮಂಡಿ ನೋವು ಎಂದು ಹೇಳಿ ಕಳಿಸಿದ. ಮಂಡಿ ನೋವಿರಲಿಲ್ಲ. ಕರೆಗಳ ಪುಟದಲ್ಲಿ ನಾನು ಬರೆದದ್ದು ಹೀಗಿದೆ: ತಾತ ಹೋಗಲಿಲ್ಲ. ಕಾರಣ, ನಾನು.

ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ತಾತ ಪಂಚೆ ಉಟ್ಟು ಅಪ್ಪನ ಮುಂದೆ ನಿಂತಿದ್ದ. ಒಡೆಯುವವರು ಹತ್ತು ಗಂಟೆಗೆ ಶೆಡ್ಡಿಗೆ ಬರುವವರಿದ್ದರು.

"ಬರೋನಿಗೆ ಬರಬ್ಯಾಡ ಅಂತ ಏಳು."

"ಯಾಕಪ್ಪಾ?"

"ಇಂಜಿನ್ ಕೆಡಿಸಿದ್ದು ನಾನು."

ಅಪ್ಪ ನಕ್ಕ. ನಿನ್ನ ಕೈಯಿಂದ ಏನು ಕೆಡ್ತದೆ, ಸುಮ್ಮನೆ ಕೂರು ಎಂದ. ತಾತ ನನ್ನ ಕಡೆ ಕೈ ಚಾಚಿದ. ನಾನು ಬೇಡವೆಂದು ತಲೆಯಾಡಿಸಿದೆ. ಚಾಚಿದ ಕೈ ಹಾಗೇ ಇತ್ತು, ಪುಸ್ತಕ ಕೊಟ್ಟೆ.

"ನಿಂಗೆ ಓದಕ್ಕೆ ಬರಲ್ಲ. ನಾನ್ ಓದ್ತೀನಿ, ಕೇಳು."

ಒಂಬತ್ತೂ ಸಾಲನ್ನು ಓದಿದ, ಪಂಚಾಂಗ ಓದುವ ದನಿಯಲ್ಲಿ. ಹೊರೆ, ಡೀಸೆಲ್, ಬಿಸಿಲು, ಕಂಪನಿ. "ತಾತ, ತಾತ, ತಾತ" ಎಂದೂ ಅದೇ ದನಿಯಲ್ಲಿ ಓದಿದ, ಬೇರೆ ಯಾರದೋ ತಾತ ಎಂಬಂತೆ. ಉಳಿದದ್ದನ್ನು ನಾನು ಹೇಳಿ ಮುಗಿಸಿದೆ. ಅಪ್ಪನ ನಗು ನಿಂತು ಬಹಳ ಹೊತ್ತಾಗಿತ್ತು. ನಾನೂ ಅಲ್ಲೇ ಮೇಲೆ ನಿಂತಿದ್ದೆನಲ್ಲ ಎಂದ. ಆದರೂ ನಾಲ್ಕನೇ ಸಲ ಬಿಚ್ಚಿ ಕಟ್ಟುವ ಶಕ್ತಿ ತನಗಿಲ್ಲ, ಮತ್ತೆ ಘಾಟಿಯಲ್ಲಿ ನಿಂತರೆ ತಡೆದುಕೊಳ್ಳಲು ಆಗುವುದಿಲ್ಲ ಎಂದ. ಅಪ್ಪ ತನಗೆ ಹೆದರಿಕೆ ಎಂದು ಹೇ‍ಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಮೂರ್ ಸಲ ನನ್ ಕೈ ನಂಬಿ ಕಟ್ದೆ," ಅಂದ ತಾತ. "ಒಂದ್ ಸಲ ಪಾಪನ ಬುಕ್ಕು ನಂಬಿ ಕಟ್ಟು."

ಅಪ್ಪ ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದ. ಯಾರಿಗೆ ಏನು ಹೇಳಿದ ಎಂದು ನಮಗೆ ಕೇಳಿಸಲಿಲ್ಲ. ಒಳಗೆ ಬಂದು ಕಾಫಿ ಕೇಳಿದ. ಹತ್ತು ಗಂಟೆಗೆ ಯಾರೂ ಶೆಡ್ಡಿಗೆ ಬರಲಿಲ್ಲ.

ಇಂಜಿನ್ ಕಟ್ಟಿದ್ದು ಆಗಸ್ಟ್ ಹತ್ತರಂದು. ತಾತನನ್ನು ಕರೆಯಲು ಮೇಸ್ತ್ರಿಗೆ ಬಾಯಿ ಬರಲಿಲ್ಲ, ತಾತ ಕರೆಯದೆಯೇ ಬಂದ. ಮೇಸ್ತ್ರಿ ಅವನ ಕಾಲಿಗೆ ಬಗ್ಗಿದರು. ತಾತ ಅವರ ಭುಜ ತಟ್ಟಿ, ಕರ್ಪೂರ ಪಕ್ಕಕ್ಕಿಡಲು ಹೇಳಿ, ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದ.

"ಮೇಲೆ ಯಾರ್ ಬೇಕಾದ್ರೂ ತಳ್ರಿ. ಕೆಳಗೆ ನಾನ್ ಇರ್ತೀನಿ."

ಎಲ್ಲರೂ ಒಟ್ಟಿಗೆ ಬೇಡವೆಂದರು. ಎಪ್ಪತ್ತೊಂಬತ್ತು ವರ್ಷ, ಗುಂಡಿಯಲ್ಲಿ ಎಣ್ಣೆ ಜಾರುತ್ತದೆ, ಮೆಟ್ಟಿಲಿಲ್ಲ. ತಾತ ಚಪ್ಪಲಿ ಬಿಟ್ಟ. ಐವತ್ತೆರಡು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಗುಂಡಿ ಹೇಳಿಕೊಡ್ತೀರಾ ಎಂದು ಅಪ್ಪನನ್ನು ಕೇಳಿದ. ಕೊನೆಗೆ ಒಂದು ಸ್ಟೂಲ್ ಇಳಿಸಿ, ಅಪ್ಪ ಮತ್ತು ಭಾಮೈದ ಕಂಕುಳಲ್ಲಿ ಹಿಡಿದು ಅವನನ್ನು ಇಳಿಸಿದರು. ಮೇಸ್ತ್ರಿ ಅವನ ಹಿಂದೆಯೇ ಇಳಿದು ಟಾರ್ಚ್ ಹಿಡಿದು ನಿಂತರು. ಎಲ್ಲಿ ಹಿಡಿಯಬೇಕು, ಎಷ್ಟು ಪಕ್ಕಕ್ಕೆ ತರಬೇಕು ಎಂದು ಒಂದೇ ಸಲ ತೋರಿಸಿದರು.

ಮೇಲೆ ಸುತ್ತಿಗೆ ನನ್ನ ಕೈಗೆ ಬಂತು. ಹಿಡಿಯನ್ನು ಒಂದನೇ ಪಿಸ್ಟನ್ನಿನ ಮೇಲಿಟ್ಟು ಕಾದೆ.

"ಬಿಡು," ಎಂದಿತು ಕೆಳಗಿನಿಂದ ತಾತನ ದನಿ.

ತಳ್ಳಿದೆ. ಅರ್ಧಕ್ಕೆ ಬಂದಾಗ ಕೆಳಗಿನಿಂದ ಯಾರೋ ಮೆತ್ತಗೆ ತೆಗೆದುಕೊಂಡಂತಾಯಿತು, ಅಡುಗೆಮನೆಯ ಕಿಟಕಿಯಿಂದ ಪಾತ್ರೆ ಕೊಟ್ಟಾಗ ಆಚೆಯವರು ಹಿಡಿದುಕೊಂಡರೆ ಕೈಗೆ ಗೊತ್ತಾಗುತ್ತದಲ್ಲ, ಹಾಗೆ. ಸದ್ದೇ ಇರಲಿಲ್ಲ.

"ಬಂತು. ಮುಂದಿಂದು ಕಳ್ಸು."

ಒಂದಾದ ಮೇಲೆ ಮೇಲೆ ಬಾ ಎಂದು ಅಪ್ಪ ಕರೆದ. ತಾತ ಬರಲಿಲ್ಲ. ಆರನ್ನೂ ತಾನೇ ಹಿಡಿದ. ಪ್ರತಿಯೊಂದು ಕೂತ ಮೇಲೂ ಮೇಸ್ತ್ರಿ ಇಂಜಿನ್ ತಿರುಗಿಸಿ, ಬಗ್ಗಿ, ಕಾಣುವಷ್ಟು ಕಂಡು, ಉಳಿದದ್ದನ್ನು ಬೆರಳಿನಿಂದ ಮುಟ್ಟಿ ನೋಡಿ, ನೆಟ್ಟಗಿದೆ ಎಂದರು. ಒಂದು ಗಂಟೆ ಹತ್ತು ನಿಮಿಷ. ಆಮೇಲೆ ತಾತನ ಮಂಡಿ ನಿಜವಾಗಿಯೂ ಹಿಡಿದುಕೊಂಡಿತು. ಅಪ್ಪನೂ ಗುಂಡಿಗೆ ಇಳಿದು, ಮೂರು ಜನ ಸೇರಿ ಅವನನ್ನು ಮೇಲೆತ್ತುವಾಗ ಅವನಿಗೆ ಕಚಗುಳಿಯಾಗಿ ನಗು ಬಂದು, ಅವನ ನಗುವಿನಿಂದ ಅಪ್ಪನಿಗೆ ಹಿಡಿತ ತಪ್ಪಿ, ಇಬ್ಬರೂ ಮತ್ತೆ ಸ್ಟೂಲಿನ ಮೇಲೆ ಕೂತರು. ಪಂಚೆ ಕಪ್ಪಾಗಿತ್ತು. ಅಜ್ಜಿ ಅದನ್ನು ನಾಲ್ಕು ಸಲ ಒಗೆದು ಕೊನೆಗೆ ಒರೆಸುವ ಬಟ್ಟೆ ಮಾಡಿದಳು.

ಎದುರು ಮನೆಯವರ ಹಾಸು ಇನ್ನೂ ಹಾಗೇ ಕಾಯುತ್ತಿತ್ತು. ತಾತ ಮಾರನೆಯ ದಿನ ಕುಂಟುತ್ತಾ ಹೋಗಿ ಗಂಟು ಹಾಕಿ ಬಂದ. ಈಗ ಎಲ್ಲಿಗೆ ಹೋದರೂ ಇನ್ನೊಂದು ತುದಿ ಯಾರು ಹಿಡಿದಿದ್ದಾರೆ ಎಂದು ಮೊದಲು ಕೇಳುತ್ತಾನಂತೆ. ಬೀದಿಯವರಿಗೆ ಇದರ ಅರ್ಥ ಗೊತ್ತಿಲ್ಲ, ವಯಸ್ಸಾಯಿತು ಅನ್ನುತ್ತಾರೆ.

ಗೀಟುಗಳು ಮತ್ತೆ ಶುರುವಾದವು. ಹನ್ನೊಂದು ದಾಟಿತು, ಹನ್ನೆರಡು ದಾಟಿತು. ಹದಿನೈದನೆಯದಾದ ದಿನ ಅಪ್ಪ ಫೋನ್ ಮಾಡಲಿಲ್ಲ, ನಾನೇ ಮಾಡಿ ಕೇಳಿದೆ. ಮೇಲೆ ಬಂದಾಯ್ತು ಎಂದಷ್ಟೇ ಹೇಳಿದ. ಲೆಕ್ಕ ಕೇಳಿದರೆ ದೃಷ್ಟಿಯಾಗುತ್ತದೆ ಎಂಬಂತೆ ಬೇಗ ಫೋನ್ ಇಟ್ಟ.

ಇಪ್ಪತ್ತೆರಡನೇ ಏರಿಗೆ ನಾನು ಜೊತೆಗೆ ಹೋದೆ. ಭಾನುವಾರ, ಬೆಳಿಗ್ಗೆ ಎಂಟೂವರೆ. ಘಾಟಿಯ ಬುಡದಲ್ಲಿ ಅಪ್ಪ ರೇಡಿಯೋ ಆರಿಸಿದ, ಕಿಟಕಿಯ ಗಾಜು ಇಳಿಸಿದ. ಗೇರ್ ಇಳಿಸಿ, ತಲೆ ಸ್ವಲ್ಪ ಓರೆ ಮಾಡಿ ಇಂಜಿನ್ ಕೇಳತೊಡಗಿದ. ಹಿಂದಿನ ಮೂಟೆಗಳ ಭಾರ ಸೀಟಿನ ಬೆನ್ನಿಗೆ ತಿಳಿಯುತ್ತಿತ್ತು. ಮೊದಲ ತಿರುವು ಹೋಯಿತು. ಎರಡನೇ ತಿರುವಿನಲ್ಲಿ ಅಪ್ಪನ ಕೈ ಸ್ಟೀರಿಂಗಿನ ಮೇಲೆ ಬಿಗಿಯಿತು, ತಿರುವು ಮುಗಿದ ಮೇಲೆ ಸಡಿಲವಾಯಿತು. ಒಂದು ಟ್ಯಾಂಕರ್ ನಮ್ಮನ್ನು ಹಿಂದೆ ಹಾಕಿ ಹೋಯಿತು. ಇನ್ನೂ ಅರ್ಧ ಏರು ಬಾಕಿ ಇರುವಾಗಲೇ ಅಪ್ಪ ನನ್ನ ಕಡೆ ತಿರುಗಿದ.

"ಅಮ್ಮ ಕಡ್ಲೆಕಾಯಿ ಕಟ್ಟಿದ್ಳಲ್ಲ," ಅಂದ. "ಎಲ್ಲೈತೆ? ಕೊಡು."

ಸುಲಿದು ಸುಲಿದು ಅವನ ಅಂಗೈಗೆ ಹಾಕುತ್ತಾ ಹೋದೆ. ಮೇಲೆ ತಲುಪುವ ಹೊತ್ತಿಗೆ ಪೊಟ್ಟಣ ಖಾಲಿಯಾಗಿತ್ತು. ಎಷ್ಟು ಕಾಯಿ ಸುಲಿದೆ ಎಂದು ಎಣಿಸಲಿಲ್ಲ.